ಗುಡ್ಡದ ಹಾಜರಿ

ಅಲ್ಲವ್ವ ಈಚಲ ಗರಿ ಕೊಯ್ದು, ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು ಸಿವುಡು ಕಟ್ಟುತ್ತಿದ್ದಳು. ಹಿಂದಿನಿಂದ ಬಂದ ಬೂಟುಗಾಲು ಸಿವುಡನ್ನು ಒದ್ದು ಚೆಲ್ಲಾಡಿತು.

"ಏ ಕೊರವರ ಮುದುಕಿ! ಸರಕಾರದ ಗುಡ್ಡ ನಿಮ್ಮಪ್ಪಂದೇನ?"

ಫಾರೆಸ್ಟ್ ಗಾರ್ಡ್ ಕಾಶಿನಾಥ. ಕಸಬರಿಗೆ ಕಟ್ಟಿ ಮಾರುವ ಹೆಂಗಸರನ್ನೆಲ್ಲ ಬಿಸಿಲಿಗೆ ಸಾಲಾಗಿ ನಿಲ್ಲಿಸಿ ಕುಡಗೋಲು ಕಸಿದುಕೊಂಡ.

"ಹೆಸರ ಕರೀತೇನಿ, ಹಾಜರ್ ಅನ್ರಿ. ಕಳ್ಳ ಜಾತಿಗೆ ಅದ ಶಿಸ್ತು. ಅಲ್ಲವ್ವಾ!"

"ಹಾಜರ್, ಸಾಹೇಬ್ರ."

ಬಾಯಿ ತಾನಾಗಿ ಅಂದುಬಿಟ್ಟಿತ್ತು. ಕಾಶಿನಾಥ ಹೊಟ್ಟೆ ಹಿಡಿದು ನಕ್ಕ. "ನೋಡ್ರಿ, ರಕ್ತದಾಗ ಐತಿ!"

ಗುಡ್ಡದ ನೆತ್ತಿಯ ಮೇಲೆ ಅವಳ ಮುತ್ತಜ್ಜಂದಿರನ್ನು ಹೂತ ಕಲ್ಲುಗಳಿದ್ದವು. ಬ್ರಿಟಿಷರು ಗುಡ್ಡ ಕಸಿದುಕೊಂಡು, ಇವರು ಹುಟ್ಟಾ ಕಳ್ಳರೆಂದು ಕಾಯ್ದೆ ಬರೆದು, ತಂತಿಬೇಲಿಯೊಳಗೆ ಕೂಡಿಹಾಕಿದರು. ಮುಂಜಾನೆ ಸಂಜೆ ಹಾಜರಿ, ಓಗೊಡದವರಿಗೆ ಬಾರುಕೋಲು. ಬೇಲಿ ಕಿತ್ತ ಮೇಲೆ ಹುಟ್ಟಿದವಳು ಅಲ್ಲವ್ವ. ಆದರೂ ಅವಳವ್ವ ಹೆದರಿ ಮೊದಲು ಕಲಿಸಿದ ಮಾತು ಆ ‘ಹಾಜರ್’. ಸ್ವರಾಜ್ಯ ಬಂದಾಗ ಗುಡ್ಡ ಬಿಳಿ ಸಾಹೇಬನ ಕೈಯಿಂದ ಕರಿ ಸಾಹೇಬನ ಕೈಗೆ ಹೋಯಿತು.

ಬರಿಗೈಲಿ ಮನೆಗೆ ಬಂದವಳು ಮೊಮ್ಮಗಳನ್ನು ಕೂಗಿದಳು. "ಕಾಜಲ್, ಆ ಪತ್ರ ತೆಗಿ."

ನಮ್ಮ ಗುಡ್ಡ ನಮಗೆ ತಿರುಗಿ ಕೊಡಿ ಎಂದು ಸರಕಾರಕ್ಕೆ ಕಾಜಲ್ ಬರೆದು ಮೂರು ವರ್ಷವಾಗಿತ್ತು. ಕಳಿಸಲು ಬಿಟ್ಟಿರದ ಅಲ್ಲವ್ವನ ಮೈದುನ ಸತ್ತೆಪ್ಪ ಈಗಲೂ ಬಾಗಿಲಿಗೆ ಅಡ್ಡ ನಿಂತ.

"ವೈನಿ, ಮನಿಗೆ ಪೊಲೀಸರ್ನ ಕರಸ್ತೀಯೇನ? ದಯಮಾಡಿ ನಾಕ ಎಕರೆ ಕೊಡ್ರಿ ಅಂತ ಬರಸು. ತಿರುಗಿ ಕೊಡ್ರಿ ಅಂದ್ರ ಸಿಟ್ಟಾಗ್ತಾರ."

"ಅವ್ರು ಬರೋದು ಯಾವಾಗ ಬಿಟ್ಟಾರ? ಊರಾಗ ಕೋಳಿ ಕಳದ್ರೂ ನಿನ್ನ ಕೊರಳಪಟ್ಟಿನ ಹಿಡೀತಾರ. ಕಸಗೊಂಡ ಸೂಳೇಮಕ್ಕಳ ಮುಂದ ನಾ ಉಡಿ ಒಡ್ಡಿ ಬೇಡ್ಲೇನ? ಕದ್ದವ್ರು ಯಾರೋ ಭಾಡ್ಯಾ? ಸರಿ ಬಾಜೂಕ!"

ಸತ್ತೆಪ್ಪ ಸರಿದ.

ಹುಕ್ಕೇರಿಯ ಟಪಾಲು ಕಚೇರಿಯಲ್ಲಿ ಗುಮಾಸ್ತ ಲಕೋಟೆ ತೂಗಿ, ಅದರ ಮೇಲಿನ ಹೆಸರು ಓದಿ, ಕನ್ನಡಕದ ಮೇಲಿಂದ ಸಾಲಿನತ್ತ ನೋಡಿ ಕೂಗಿದ. "ಕಳಸಾವ್ರು ಯಾರು? ಅಲ್ಲವ್ವಾ!"

ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಕಾಜಲ್ ಅಜ್ಜಿಯ ಮುಖ ನೋಡಿದಳು. ಅಲ್ಲವ್ವ ಸಾವಕಾಶ ಬಾಗಿಲಾಚೆ ಹೋಗಿ, ಬಾಯೊಳಗಿನ ಎಲೆಅಡಿಕೆಯ ಜೋಡಿ ಅದನ್ನೂ ಉಗುಳಿ ಬಂದಳು.

"ಯಾಕಪಾ? ನಾನ ಅಲ್ಲವ್ವ. ಆ ಗುಡ್ಡದಾಕಿ. ಶಿಕ್ಕಾ ಜೋರಾಗಿ ಹೊಡಿ, ಬೆಂಗಳೂರ ತನಕ ಕೇಳ್ಲಿ."

ಗುಮಾಸ್ತ ಶಿಕ್ಕಾ ಎತ್ತಿದ. ಮೇಜು ಅದುರಿತು.