ದಿನ ಹದಿನೇಳು

ಒಂದೇ ಸಲ ಒತ್ತಿದೆನೋ ಎರಡು ಸಲವೋ — ಎರಡು, ಎರಡೇ, ಗಂಗರಾಜುವಿಗೆ ಗೊತ್ತು, ಗೊತ್ತಿದ್ದೂ ಮನಸ್ಸು ಮತ್ತೆ ಒಂದರಿಂದಲೇ ಎಣಿಸುತ್ತದೆ, ರೇಷ್ಮೆ ಹುಳದ ಮನೆಯಿಂದ ಸುಣ್ಣದ ವಾಸನೆ, ಲ್ಯಾಪ್‌ಟಾಪಿನಲ್ಲಿ ಅವನೇ ಬರೆದ ಪ್ರೋಗ್ರಾಮು, ಅದರ ಕೊನೆಯ ಸಾಲಿನಲ್ಲಿ ದಿನ ಇಪ್ಪತ್ತೆಂಟು, ಆ ಬೆಳೆ ಕೆಟ್ಟು ಮುಗಿಯಿತು, ನಾಳೆ ಹೊಂಗನೂರಿನಿಂದ ಚಾಕಿ ಹುಳ ಬರುತ್ತವೆ, ಎರಡು ಸಲ ಪೊರೆ ಬಿಟ್ಟು ಎರಡು ಜ್ವರ ಮುಗಿಸಿದ ಮರಿಗಳು, ಅದಕ್ಕೆ ಇದನ್ನು ಎಂಟು ಎಂದು ತಿದ್ದಬೇಕು. ಮೊದಲು ದಿನದ ಲೆಕ್ಕಕ್ಕೆ ಬೇರೆ ಫೈಲಿತ್ತು, ಭಾವ ದೇವರಾಜು ಮದುವೆ ಫೋಟೋಗಳಿಗೆ ಜಾಗ ಮಾಡಲು ಹೋಗಿ ಅದನ್ನೇ ಅಳಿಸಿದ್ದ, ಆಮೇಲೆ ಗಂಗರಾಜು ಲೆಕ್ಕವನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟ, ಗುಂಡಿ ಒತ್ತಿದರೆ ಅದು ತನ್ನನ್ನು ತಾನೇ ಓದಿ, ಕೊನೆಯ ಸಾಲಿಗೆ ಒಂದು ಕೂಡಿಸಿ, ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ, ಹಳೆಯದರ ಗುರುತೂ ಉಳಿಯುವುದಿಲ್ಲ, ಸೊಪ್ಪು ಹಾಕಿ ಅನ್ನುತ್ತದೆ, ಇಲ್ಲವೆ ಸೊಪ್ಪು ನಿಲ್ಲಿಸಿ — ತಾರೀಖು ನೋಡಿ ಕೂಡಿಸು ಎಂದು ಇನ್ನೊಂದು ಸಾಲು ಬರೆದಿದ್ದರೆ ಸಾಕಿತ್ತು, ಬಿ.ಎಸ್ಸಿ. ಮಾಡಿದವನಿಗೆ ಹೊಳೆಯಲಿಲ್ಲ, ದಿನಕ್ಕೊಂದೇ ಸಲ ತಾನೇ ಒತ್ತುವುದು.

ಹೋದ ಬೆಳೆಯ ಆ ಬೆಳಿಗ್ಗೆ ಒತ್ತಿ ಆಗಿತ್ತು, ಹದಿನಾರು, ಸೊಪ್ಪು ಹಾಕಿ, ನಯನ ಕಾಫಿ ತಂದಳು, ಮದುವೆಯಾಗಿ ಮೂರು ತಿಂಗಳು, ಮುಖದ ತುಂಬ ಪೌಡರು, ಏನ್ರೀ ಇದು ನಂಗೂ ಒಸಿ ತೋರ್ಸಿ, ಅವಳಿಗೆ ತೋರಿಸಲೆಂದೇ ಇನ್ನೊಮ್ಮೆ ಒತ್ತಿದ, ಅಯ್ಯ ಹದ್ನಾರಿದ್ದುದ್ದು ಹದ್ನೇಳಾಯ್ತು, ತನ್ನ ಮೈಮ್ಯಾಲೆ ತಾನೇ ಅಚ್ಚೆ ಹಾಕ್ಕತದಲ್ರೀ, ಇಬ್ಬರೂ ನಕ್ಕರು, ಆ ನಗುವಿನಲ್ಲೇ ಪರದೆಯಲ್ಲಿ ಕೊನೆಗೆ ಕಂಡದ್ದನ್ನು ಅವ್ವನಿಗೆ ಕೂಗಿ ಹೇಳಿದ, ನಾಲ್ಕನೇ ಜ್ವರ, ಸೊಪ್ಪು ನಿಲ್ಸವ್ವ, ಬಿಡದಿಯ ಕೆಲಸಕ್ಕೆ ಚನ್ನಪಟ್ಟಣದಲ್ಲಿ ರೈಲು ಹಿಡಿಯಲು ಓಡಿದ. ಮಧ್ಯಾಹ್ನ ಅವ್ವ ಮುನಿತಾಯಮ್ಮನ ಫೋನು — ಲೋ ಮಗಾ, ಪೊರೆ ಬುಡೋ ಜ್ವರದಾಗೆ ಉಳ ತಲೆ ಎತ್ಕಂಡು ಕಲ್ಲಂಗೆ ನಿಂತ್ಕತದೆ ಕಣ್ಲಾ, ಇವು ತಲೆ ಎತ್ಕಂಡು ಆಡುಸ್ತಾವೆ, ಅಸ್ಕಂಡವೇನೋ, ಒಸಿ ಸೊಪ್ಪು ಆಕ್ಲಾ — ಬ್ಯಾಡ ಕಣವ್ವ, ಕಂಪ್ಯೂಟ್ರು ಜ್ವರ ಅಂತೈತೆ, ಉಳಿದ ಸೊಪ್ಪು ಒಣಗ್ಲಿ, ಸುಣ್ಣ ಉದುರ್ಸು. ಮೂವತ್ತು ವರ್ಷ ಹುಳ ಸಾಕಿದ ಕೈ ಮಗನ ಮಾತಿಗೆ ಸುಣ್ಣ ಉದುರಿಸಿತು. ಅವನು ಬಂದಾಗ ತಟ್ಟೆ ತುಂಬ ಬಿಳಿ ಪುಡಿ, ಪುಡಿಯೊಳಗಿಂದ ಎದ್ದ ತಲೆಗಳು, ಆಡಿಸುತ್ತಿದ್ದ ತಲೆಗಳು, ಅವನು ಹೊಸ್ತಿಲಲ್ಲೇ ನಿಂತು ನೋಡಿದ, ಕ್ಯಾಲೆಂಡರು ನೋಡಲಿಲ್ಲ. ನೋಡಿದ್ದು ಅರ್ಧ ಹುಳ ಗೂಡು ಕಟ್ಟದೆ ಕರಗಿ ಹೋದ ಮೇಲೆ, ಸೊಪ್ಪು ನಿಲ್ಲಿಸಿದ್ದು ಹದಿನಾರನೇ ದಿನವೇ, ಆಗ ಅವ್ವ ಅಂಗಳದಲ್ಲಿ ನಿಂತು ನಯನಳಿಗೆ, ಸಿನಿಮಾಕ್ ಒಂಟೋಳಂಗೆ ಪೌಡ್ರು ಬಳ್ಕಂಡು ಉಳದ್ ಮನೆಗ್ ನುಗ್ಗುದ್ರೆ ಇನ್ನೇನಾದದಮ್ಮಿ, ಆ ವಾಸ್ನೆಗೆ ನಂಗೇ ತಲೆ ತಿರುಗ್ತದೆ. ನಯನ ಅವನ ಕಡೆ ಒಮ್ಮೆ ನೋಡಿದಳು, ಹದಿನಾರು ಹದಿನೇಳಾದದ್ದನ್ನು ಬಾಯಿಬಿಟ್ಟು ಓದಿದವಳು, ನಲ್ಲಿಗೆ ಹೋಗಿ ಮುಖ ತೊಳೆದಳು, ಪೌಡರಿನ ಡಬ್ಬಿ ಅಂದಿನಿಂದ ಗೋಡೆಯ ಗೂಡಿನಲ್ಲೇ ಇದೆ.

ಆಯ್ತೇನ್ಲಾ ನಿನ್ ಕಂಪ್ಯೂಟ್ರು, ಅವ್ವ ಈಗ ಹೊರಗಿಂದ, ಈ ಸಲ ಇವ್ಳು ಉಳದ್ ಮನೆ ಹೊಸ್ಲು ದಾಟ್ಕೂಡ್ದು, ನೀನೇ ಹೇಳ್ಬುಡು. ಎಂಟು ಎಂದು ಬರೆದು ಉಳಿಸಿದ, ಇಪ್ಪತ್ತೆಂಟು ಹೋಯಿತು, ಹದಿನೇಳು ಎಂದೋ ಹೋಗಿತ್ತು, ಕಿಟಕಿಯಾಚೆ ಹಿಪ್ಪುನೇರಳೆ ಕಡ್ಡಿಯಿಂದ ಎಲೆ ಕೀಳುತ್ತಿದ್ದ ನಯನ ತಲೆ ಎತ್ತಿದಳು, ಎತ್ತಿದ ತಲೆ ಅಲ್ಲಾಡಲಿಲ್ಲ, ಅವನ ಕಣ್ಣೊಳಗೆ ಸುಣ್ಣದೊಳಗಿಂದ ಎದ್ದ ತಲೆಗಳು ಆಡುತ್ತಲೇ ಇದ್ದವು, ಆಡುತ್ತಲೇ — ಎರಡು ಸಲ ಒತ್ತಿದ್ದು ನಾನೇ ಎಂದು ಅವನು ಅವ್ವನಿಗೆ ಹೇಳಲಿಲ್ಲ.