ಗಂಗಜ್ಜಿಯ ಎಡಗೈ

ನಾನು ಒಂದು ರಬ್ಬರಿನ ರೋಗಿ. ದೂರದೂರಿನ ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿದೆ. ಒಬ್ಬ ಹೆಂಗಸು ನನಗೆ ಹುಬ್ಬು ಬರೆದು, ಏನೋ ಹೇಳಲು ಹೊರಟವಳಂತೆ ಕಾಣಲೆಂದು ತುಟಿಯನ್ನು ಚೂರು ತೆರೆದಿಟ್ಟಳು. ದನಿಯನ್ನು ಮಾತ್ರ ಯಾರೂ ಒಳಗಿಡಲಿಲ್ಲ.

ಲಾರಿಯಲ್ಲಿ ಗದಗದ ಕಡೆಯ ಒಂದು ನರ್ಸಿಂಗ್ ಶಾಲೆಗೆ ಬಂದೆ. ಹುಡುಗಿಯರು ಗಂಗಜ್ಜಿ ಎಂದು ಹೆಸರಿಟ್ಟರು. ಕೈಯೊಳಗಿನ ನಳಿಕೆಗಳಿಗೆ ಕೆಂಪು ನೀರು ತುಂಬಿ, ಅದೇ ನನ್ನ ರಕ್ತವೆಂದರು. ಸೂಜಿ ಚುಚ್ಚುವ ಮೊದಲು ರೋಗಿಗೆ ಹೇಳಬೇಕು, ಒಪ್ಪಿಗೆ ಕೇಳಬೇಕು ಎಂದು ಕಲಿಸುವವರು ದಾನಮ್ಮ ಮೇಡಂ.

"ಅಜ್ಜಿ, ಸೂಜಿ ಹಾಕ್ತೀನ್ರಿ. ಹೂಂ ಅಂದ್ರು," ಎಂದು ಹುಡುಗಿಯರು ಒಂದೇ ಉಸಿರಿಗೆ ಮುಗಿಸುತ್ತಿದ್ದರು.

"ಯಾವಾಗ ಅಂದ್ಳವಾ ಹೂಂ?"

"ಗಂಗಜ್ಜಿ ಭಾಳ ಒಳ್ಳೆಯಾಕಿ ಮೇಡಂ. ಎಂದೂ ಒಲ್ಲೆ ಅನ್ನಂಗಿಲ್ಲ."

ಮೇಡಂ ಕೂಡ ನಕ್ಕು ಅಂಕದ ಪಟ್ಟಿಯಲ್ಲಿ ಒಪ್ಪಿಗೆಯ ಮುಂದೆ ಸರಿ ಗೀಟು ಹಾಕುತ್ತಿದ್ದರು.

ವರ್ಷಗಳು ಕಳೆದಂತೆ ನನ್ನ ಎಡಗೈಯ ಮಡಿಕೆಯಲ್ಲಿ ಇರುವೆ ಗೂಡಿನ ಬಾಯಂಥ ತೂತೊಂದು ಬಿದ್ದಿತು. "ಸೂಜಿ ಅಲ್ಲೇ ಇಡು, ತಾನ ಒಳಗ ಹೋಗ್ತದ," ಎಂದು ಹಿರಿಯ ಹುಡುಗಿಯರು ಕಿರಿಯರ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಬೆರಳು ನರ ಹುಡುಕುವುದನ್ನು ಕಲಿಯುತ್ತಿಲ್ಲವೆಂದು ನನಗೆ ತಿಳಿಯುತ್ತಿತ್ತು. ತಿಳಿದು ಏನು ಮಾಡಲಿ?

ಎಲ್ಲರಿಗಿಂತ ಚುರುಕಾದವಳು ಭಾಗೀರಥಿ. ಕಣ್ಣು ಮುಚ್ಚಿಯೂ ಆ ತೂತಿಗೆ ಸೂಜಿ ಇಳಿಸುತ್ತಿದ್ದಳು. ಅವಳನ್ನೇ ಮೊದಲು ವಾರ್ಡಿಗೆ ಕಳಿಸಿದರು. ಆ ಸಂಜೆ ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತು ಗೆಳತಿಯ ಮುಂದೆ ಅತ್ತಳು. ಮಲ್ಲವ್ವ ಎಂಬ ಮುದುಕಿಗೆ ನಾಲ್ಕು ಸಲ ಚುಚ್ಚಿದ್ದಳಂತೆ. ಮುದುಕಿ ಹಲ್ಲು ಕಚ್ಚಿ ಸುಮ್ಮನಿದ್ದಳು. ಸುಮ್ಮನಿದ್ದಾಳೆಂದರೆ ನೋವಿಲ್ಲವೆಂದೇ ಇವಳು ತಿಳಿದಳು. ಕೈ ಊದಿ ನೀಲಿಯಾದದ್ದನ್ನು ಮುದುಕಿಯ ಮಗಳು ಕಂಡು, "ನಮ್ಮವ್ವನ್ನ ಗೊಂಬಿ ಅಂತ ತಿಳದೀಯೇನವಾ?" ಎಂದಳಂತೆ. ಮರುದಿನವೂ ಸೂಜಿ ಹಾಕಲಾಗದಿದ್ದರೆ ಭಾಗೀರಥಿ ಪರೀಕ್ಷೆಯಲ್ಲಿ ಫೇಲು. ಇನ್ನಾರು ತಿಂಗಳು ಇಲ್ಲೇ.

ಬೆಳಿಗ್ಗೆ ಒಬ್ಬಳೇ ಬಂದಳು. ನನ್ನ ತೋಳಿಗೆ ಪಟ್ಟಿ ಬಿಗಿದು ಬೇರೆ ನರ ಹುಡುಕಿದಳು. ನನ್ನ ನರಗಳು ಜಾರುವುದಿಲ್ಲ, ಅಡಗುವುದಿಲ್ಲ. ಅವಳಿಗೆ ಬೇಕಾದ ಪಾಠ ನನ್ನ ಮೈಯಲ್ಲೆಲ್ಲೂ ಇರಲಿಲ್ಲ. ಸೂಜಿ ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಅವ್ವಾ, ಇನ್ನೊಮ್ಮೆ ಕೈ ಕೊಡ್ತೀರೇನ್ರಿ? ಬ್ಯಾಡಂದ್ರ ಬಿಡ್ತೀನ್ರಿ."

ಆಮೇಲೆ ಕಾದಳು. ಇಷ್ಟು ವರ್ಷಗಳಲ್ಲಿ ನನ್ನ ಉತ್ತರಕ್ಕಾಗಿ ಕಾದವರು ಯಾರೂ ಇಲ್ಲ. ಅಜ್ಜಿಯರು ಹೇಳುವ ಕಥೆಗಳಲ್ಲಿ ಕಲ್ಲು ಮಾತಾಡುತ್ತದೆ, ಒರಳು ಸಾಕ್ಷಿ ನುಡಿಯುತ್ತದೆ. ನನಗೆ ಒಂದಕ್ಷರವೂ ಬರಲಿಲ್ಲ.

ವಾರ್ಡಿನಲ್ಲಿ ಅವಳು ಹಾಗೆಯೇ ಕೇಳಿದಳಂತೆ. ಮಲ್ಲವ್ವ ಬೇಡವೆಂದು ತಲೆಯಾಡಿಸಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು. ಭಾಗೀರಥಿ ಟ್ರೇ ಬದಿಗಿಟ್ಟು ಹಿರಿಯ ಸಿಸ್ಟರನ್ನು ಕರೆದಳು.

ದಾನಮ್ಮ ಮೇಡಂ ಬಹಳ ಹೊತ್ತು ಅಂಕದ ಪಟ್ಟಿಯನ್ನು ತಿರುವಿ ಹಾಕಿದರು. "ಮಾಡಿದ್ದು ಬರೋಬ್ಬರಿ ಐತವಾ. ಆದ್ರ ರೋಗಿ ಒಲ್ಲೆ ಅಂದ್ರ ಬರಿಯಾಕ ಇದ್ರಾಗ ಜಾಗಾನ ಇಲ್ಲ," ಎಂದರು. ಸೊನ್ನೆ ಬರೆದರು.

ಈಗ ನಾನು ಉಗ್ರಾಣದಲ್ಲಿ, ಹರಿದ ಹಾಸಿಗೆಗಳ ನಡುವೆ ಇದ್ದೇನೆ. ಗೋಡೆಯಾಚೆ ಹೊಸ ಗೊಂಬೆ ಬಂದಿದೆ. ಗುಂಡಿ ಒತ್ತಿದರೆ ನರಳುತ್ತದೆ. ಗುಂಡಿ ಮೇಡಂ ಕೈಯಲ್ಲಿದೆ. ಭಾಗೀರಥಿ ಮತ್ತೆ ಮೊದಲಿನಿಂದ ಕಲಿಯುತ್ತಿದ್ದಾಳೆ. ಅವಳ ಜೊತೆಯವರು, ಅವರಿಗಿಂತ ಮೊದಲಿನವರು, ಎಲ್ಲರೂ ಒಳ್ಳೆಯ ಅಂಕ ಪಡೆದು ಊರೂರಿನ ಆಸ್ಪತ್ರೆಗಳಿಗೆ ಹೋದರು. ಇವತ್ತು ಬೆಳಿಗ್ಗೆಯೂ ಯಾರೋ ಅವರನ್ನು ನಂಬಿ ಅಂಗಿಯ ತೋಳು ಮಡಚಿ ಕೈ ಚಾಚಿರುತ್ತಾರೆ.