ಸಹಾಯ ಯಾರಿಗೆ ಬೇಕು

ಶಿಕ್ಷಣ ಕಚೇರಿಯಲ್ಲಿ ಶಾಲೆಗಳ ಅಂಕಿಅಂಶ ನೋಡಿಕೊಳ್ಳುವ ಗುಮಾಸ್ತನಿಗೆ ತನ್ನ ಕೋಷ್ಟಕಗಳ ಮೇಲೆ ಮಹಾ ಹೆಮ್ಮೆ. ಓದಲು ತಡವರಿಸುವ ಮಕ್ಕಳು ಹೆಚ್ಚಿರುವ ತರಗತಿಯನ್ನು ಹುಡುಕಿ, ಅಲ್ಲಿಗೊಬ್ಬ ಸಹಾಯಕ ಶಿಕ್ಷಕಿಯನ್ನು ಕೊಡಿಸಬೇಕೆಂಬುದು ಅವನ ಯೋಚನೆ. ಅದಕ್ಕಾಗಿ ಪ್ರತಿ ಮಗುವಿನ ಹೆಸರಿನ ಮುಂದೆ ‘ಸಹಾಯ ಬೇಕೇ?’ ಎಂಬ ಕಾಲಂ ಇಟ್ಟ. ಯಾರಿಗೆ ಎಂದು ಬರೆಯಲಿಲ್ಲ. ಅಷ್ಟೂ ಅರ್ಥವಾಗುವುದಿಲ್ಲವೇ ಎಂಬ ಧಿಮಾಕು, ಇನ್ನೇನು.

ಮೂರನೇ ತರಗತಿಗೆ ಪಾಠ ಮಾಡುವ ಅವನ ಸ್ವಂತ ಅಕ್ಕ ಅದನ್ನು ತುಂಬಲು ಹಿಂದೆಮುಂದೆ ನೋಡಿದಳು. ಇದ್ದದ್ದು ಇದ್ದ ಹಾಗೆ ಬರಿ, ಯಾರೂ ನಿನ್ನ ತಲೆ ತೆಗೆಯುವುದಿಲ್ಲ ಎಂದು ಅವನೇ ಧೈರ್ಯ ತುಂಬಿದ. ಅವಳು ಹನ್ನೊಂದು ಕಡೆ ‘ಹೌದು’ ಎಂದು ಬರೆದಳು. ಉಳಿದ ಶಾಲೆಗಳವರು ಜಾಣರು, ಒಂದೋ ಎರಡೋ ಬರೆದು ಕೈತೊಳೆದುಕೊಂಡರು.

ಮೇಲಧಿಕಾರಿ ‘ಹೌದು’ಗಳನ್ನು ಎಣಿಸಿ, ಸಹಾಯ ಬೇಕಾಗಿರುವುದು ಶಿಕ್ಷಕರಿಗೇ ಎಂದು ತೀರ್ಮಾನಿಸಿದರು. ಹೆಚ್ಚು ಬರೆದವರಿಗೆ ಆರು ವಾರ ತರಬೇತಿ. ಪಟ್ಟಿಯಲ್ಲಿ ಮೊದಲ ಹೆಸರೇ ಅಕ್ಕನದು. ಅದು ಹಾಗಲ್ಲ ಸರ್ ಎನ್ನುವ ಮಾತು ಗುಮಾಸ್ತನ ಗಂಟಲವರೆಗೂ ಬಂತು. ತಪ್ಪು ತನ್ನ ತಲೆಗೇ ಸುತ್ತಿಕೊಂಡೀತೆಂದು ಅದನ್ನು ನುಂಗಿ, ಪಟ್ಟಿಗೆ ಮೊಹರು ಒತ್ತಿದ.

ಇಪ್ಪತ್ತು ವರ್ಷದಿಂದ ಮಾಡುತ್ತಿದ್ದುದನ್ನೇ ಅಕ್ಕ ಆರು ವಾರ ಕೂತು ಹೊಸದಾಗಿ ಕಲಿತಳು. ಅವಳ ತರಗತಿಯ ಮಕ್ಕಳನ್ನು ಪಕ್ಕದ ತರಗತಿಗೆ ತುರುಕಿದರು. ಅಕ್ಷರ ಕೂಡಿಸಿ ಓದಲು ಆಗಷ್ಟೇ ಶುರುಮಾಡಿದ್ದ ಒಬ್ಬ ಹುಡುಗಿ, ಮೆಲ್ಲಗೆ ಮಾತಾಡುತ್ತಾಳೆಂದು ಅಕ್ಕ ‘ಪಿಸುಮಾತು’ ಎಂದು ಕರೆಯುತ್ತಿದ್ದವಳು, ಆ ಗದ್ದಲದಲ್ಲಿ ಓದುವುದನ್ನೇ ಬಿಟ್ಟಳು.

ಮುಂದಿನ ಸಲ ಅಕ್ಕನಿಂದ ಒಂದೂ ‘ಹೌದು’ ಬರಲಿಲ್ಲ. ತರಬೇತಿ ಫಲ ಕೊಟ್ಟಿತೆಂದು ಮೇಲಧಿಕಾರಿ ಹಿಗ್ಗಿದರು. ಗುಮಾಸ್ತನಿಗೆ ನಂಬಿಕೆ ಬರಲಿಲ್ಲ. ಮಧ್ಯಾಹ್ನವೇ ಶಾಲೆಗೆ ಹೋದ. ಪಿಸುಮಾತು ಪುಸ್ತಕ ಹಿಡಿದು ಇಡೀ ಪಾಠ ಒಪ್ಪಿಸುತ್ತಿದ್ದಳು. ಒಂದಕ್ಷರ ತಪ್ಪಲಿಲ್ಲ. ಬೆರಳು ಮಾತ್ರ ಬೇರೆ ಪುಟದ ಮೇಲಿತ್ತು.

“ಇವಳಿಗೆ ಓದೋಕೆ ಬರಲ್ವಲ್ಲ ಅಕ್ಕಾ. ಸಹಾಯ ಬೇಡ ಅಂತ ಯಾಕೆ ಬರೆದೆ?”

“ಬೇಕು ಅಂತ ಬರೆದಾಗ ನನ್ನನ್ನೇ ಇಲ್ಲಿಂದ ಎಬ್ಬಿಸಿದ್ರಲ್ಲ,” ಎಂದಳು ಅಕ್ಕ, ಸಿಟ್ಟಿಲ್ಲದೆ. “ಮತ್ತೆ ಆರು ವಾರ ಇವಳನ್ನ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ ಕಣೋ.”

ಬೈದಿದ್ದರೂ ಎಷ್ಟೋ ವಾಸಿಯಿತ್ತು. ನಾಳೆಯೇ ಕಾಲಂ ತಿದ್ದುತ್ತೇನೆ, ತಪ್ಪು ನನ್ನದೆಂದು ಸಾಹೇಬರಿಗೆ ಹೇಳುತ್ತೇನೆ ಎಂದ. ಹಾಗಾದರೆ ಸಹಾಯಕ ಶಿಕ್ಷಕಿ ಬರುತ್ತಾಳಾ ಎಂದು ಕೇಳಿದಳು ಅಕ್ಕ. ಅಕ್ಕನ ಕಾಲಂನಲ್ಲಿ ಒಂದೂ ‘ಹೌದು’ ಇಲ್ಲವೆಂದು, ಇದ್ದ ಒಬ್ಬಳನ್ನು ಈ ವರ್ಷಕ್ಕೆ ಬೇರೆ ಶಾಲೆಗೆ ಕಳಿಸಿಯಾಗಿತ್ತು. ಅಂದು ಬೆಳಿಗ್ಗೆ ಆ ಆದೇಶ ಟೈಪ್ ಮಾಡಿದವನು ಅವನೇ.